ಕಡೆಯ ಹಾಡಿನ ಸಿಂಹಾವಲೋಕನ

2025ರ ಜುಲೈ ತಿಂಗಳ ಕೊನೆಯ ವಾರ. ಶ್ರಾವಣ ಆಗತಾನೆ ಕಾಲಿಟ್ಟಿತ್ತು. ಸಾಂಬ್ರಾದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಮರುದಿನದ ಪಾಠಕ್ಕೆಂದು ರನ್ನನ ‘ಗದಾಯುದ್ಧ’ದ ಹಾಳೆಗಳನ್ನು ತಿರುವಿಹಾಕುತ್ತಿದ್ದೆ. ಬೆಳಗಾವಿಯ ಮಳೆಯ ಸ್ವಭಾವ ಬಲ್ಲವರಿಗೆ ಆ ಸಂಜೆಯನ್ನು ಬಣ್ಣಿಸಬೇಕಾಗಿಲ್ಲ. ಅದು ರಭಸದಿಂದ ಸುರಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಆ ಮಳೆಯಲ್ಲಿ ನೆನೆದುಕೊಂಡು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ಬಂದು ನಿಂತ. ಎರಡು ವರ್ಷಗಳ ಹಿಂದೆ ಬಿ.ಎ. ಮುಗಿಸಿದ ತರುಣ. ಮುಖ ಬಾಡಿತ್ತು.

“ಯಾಕಪಾ, ಮಾರಿ ಸಪ್ಪಗ ಮಾಡೀದಿ? ಮನ್ಯಾಗ ಎಲ್ಲಾರೂ ಅರಾಮ ಇದ್ದಾರಿಲ್ಲೊ?” ಎಂದೆ.

“ಮನ್ಯಾಗ ಎಲ್ಲಾ ಅರಾಮ ಅದಾರ್ರಿ ಸರ. ಓಜಿ ಆಸ್ಬರ್ನ್ ತೀರಿಕೊಂಡ್ರು. ಇಂಗ್ಲಂಡದಾಗ.”

ಆ ಹೆಸರನ್ನು ನಾನು ಅದೇ ಮೊದಲು ಕೇಳಿದ್ದು. ಸಮುದ್ರದಾಚೆ ಯಾರೋ ಒಬ್ಬ ಹಾಡುಗಾರ ತೀರಿಕೊಂಡರೆ ಸಾಂಬ್ರಾದ ಹುಡುಗನೊಬ್ಬ ಮಳೆಯಲ್ಲಿ ನೆನೆದು ಬರುವುದೇಕೆ? ನಗುವಂತಾಯಿತು, ಆದರೆ ಅವನ ಎಡಗೈಯ ಮೇಲೆ ಕಣ್ಣು ಬಿದ್ದು ನಗು ಅಲ್ಲಿಯೇ ನಿಂತಿತು. ಆ ಕೈಯ ಎರಡು ಬೆರಳುಗಳಿಗೆ, ನಡುಬೆರಳಿಗೂ ಉಂಗುರ ಬೆರಳಿಗೂ, ತುದಿಯಿಲ್ಲ.

ಅದರ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗಲೇ ಈ ಹುಡುಗ ಗಿಟಾರು ಬಾರಿಸುತ್ತಿದ್ದ. ಗೆಳೆಯರು ನಾಲ್ವರು ಕೂಡಿ, ಹೊಲದ ಬದಿಯ ತಗಡಿನ ಶೆಡ್ಡೊಂದರಲ್ಲಿ ಸಂಜೆಯ ಹೊತ್ತು ಎದೆ ನಡುಗುವ ಹಾಗೆ ಸದ್ದು ಮಾಡುತ್ತಿದ್ದರು. ಅವರಲ್ಲಿ ಇಬ್ಬರದು ಮನೆಮಾತು ಕನ್ನಡ, ಇಬ್ಬರದು ಮರಾಠಿ. ಸದ್ದು ಮಾತ್ರ ಒಂದೇ. ಓದು ಮುಗಿದ ಮೇಲೆ ಇವನು ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಒಂದು ರಾತ್ರಿ ಪಾಳಿಯಲ್ಲಿ ಪ್ರೆಸ್ಸಿನ ಕೆಳಗೆ ಕೈ ಸಿಕ್ಕಿತು. ನೋಡಲು ಹೋದ ನಾನು, ಇಂಥ ಹೊತ್ತಿನಲ್ಲಿ ಎಲ್ಲರೂ ಆಡುವ ಮಾತನ್ನೇ ಆಡಿದೆ: “ಕೈ ಉಳೀತಲ್ಲಪಾ, ಅದೇ ದೊಡ್ಡದು.” ಅವನು ಉತ್ತರ ಕೊಡಲಿಲ್ಲ. ಕನ್ನಡದ ಮೇಷ್ಟರೆನಿಸಿಕೊಂಡವನಿಗೆ ಮಾತು ಎಷ್ಟು ಅಗ್ಗವಾಗಿ ಬರುತ್ತದೆಯೆಂಬ ನಾಚಿಕೆ ಆ ಮೌನದಿಂದ ನನಗೆ ಹುಟ್ಟಿತ್ತು.

ಈಗ ಅವನು ತನ್ನ ಮೊಬೈಲನ್ನು ನನ್ನ ಮುಂದಿಟ್ಟು ಹೇಳಿದ: “ಇದು ಅವರ ಬ್ಯಾಂಡಿನ ಕಡೀ ಆಲ್ಬಮ್ ರೀ ಸರ. ಒಮ್ಮೆ ಪೂರ್ತಿ ಕೇಳ್ರಿ. ಆಮ್ಯಾಲ ನನ್ನ ಕೆಲಸ ಹೇಳ್ತೀನಿ.”

ಮಲ್ಲಿಕಾರ್ಜುನ ಮನಸೂರರ ಗಾಯನದಲ್ಲಿ ಬೆಳೆದ ಕಿವಿ ನನ್ನದು. ಆ ರಾತ್ರಿ ಕೇಳಿದಾಗ ಅದು ನನಗೆ ಬರಿಯ ಗದ್ದಲವಾಗಿ ಕಂಡಿತೆಂದು ಒಪ್ಪಿಕೊಳ್ಳಲೇಬೇಕು. ಎರಡನೆಯ ಸಲ ಕೇಳಿದೆ. ಮೂರನೆಯ ಸಲಕ್ಕೆ ಅದರ ಹಿಂದಿನ ಕಥೆಯನ್ನು ಹುಡುಕಿ ಓದತೊಡಗಿದೆ. ಆ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

*

ಆ ಬ್ಯಾಂಡಿನ ಹೆಸರು ಬ್ಲ್ಯಾಕ್ ಸಬ್ಬತ್. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅದರಲ್ಲಿಯೂ ಆಸ್ಟನ್ ಎಂಬ ಕೂಲಿಕಾರರ ಕೇರಿ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕಿ ಮುರಿದ ಮನೆಗಳ ನಡುವೆ, ಕಬ್ಬಿಣ ಕಾಯಿಸಿ ಬಡಿಯುವ ಕಾರ್ಖಾನೆಗಳ ಮಗ್ಗುಲಲ್ಲಿ ಬೆಳೆದ ನಾಲ್ವರು ಹುಡುಗರು ಅದನ್ನು ಕಟ್ಟಿದರು: ಗಿಟಾರಿಗೆ ಟೋನಿ ಅಯೋಮಿ, ಬೇಸ್ ಗಿಟಾರಿಗೆ ಗೀಜರ್ ಬಟ್ಲರ್, ಡ್ರಮ್ಸಿಗೆ ಬಿಲ್ ವಾರ್ಡ್, ಹಾಡಲು ಓಜಿ ಆಸ್ಬರ್ನ್. ಓಜಿ ಹಾಡುಗಾರನಾಗುವ ಮೊದಲು ಕಸಾಯಿಖಾನೆಯಲ್ಲಿ ದುಡಿದವನು. ಕಾರುಗಳ ಹಾರ್ನಿಗೆ ಶ್ರುತಿ ಕೂಡಿಸುವ ಕಾರ್ಖಾನೆಯಲ್ಲಿಯೂ ಇದ್ದವನು.

ನಮ್ಮ ಬೆಳಗಾವಿಯೂ ಫೌಂಡ್ರಿಗಳ ಊರೇ ಅಲ್ಲವೆ? ಇಲ್ಲಿಯ ಎರಕದ ಕಬ್ಬಿಣ ದೇಶದ ಎಷ್ಟೋ ಎಂಜಿನ್ನುಗಳ ಹೊಟ್ಟೆಯಲ್ಲಿದೆ. ಆದುದರಿಂದ ಮುಂದಿನ ಪ್ರಸಂಗ ನಮಗೆ ದೂರದ್ದೆನಿಸುವುದಿಲ್ಲ. ಅಯೋಮಿಗೆ ಆಗ ಹದಿನೇಳು ವರ್ಷ. ತಗಡು ಕೊಯ್ಯುವ ಕಾರ್ಖಾನೆಯ ಕೆಲಸ ಬಿಟ್ಟು, ಸಂಗೀತವನ್ನೇ ನಂಬಿ ಹೊರಡಬೇಕೆಂದಿದ್ದ ಹುಡುಗನಿಗೆ ಅಲ್ಲಿ ಅದೇ ಕಡೆಯ ದಿನ. ಪ್ರೆಸ್ಸಿನ ಮೇಲೆ ಕೆಲಸ ಮಾಡುವವರು ಆ ದಿನ ಬರಲಿಲ್ಲ. ಇವನನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಇಳಿಯಿತು. ಬಲಗೈಯ ನಡುಬೆರಳು, ಉಂಗುರ ಬೆರಳುಗಳ ತುದಿ ಹೋಯಿತು. ಅವನು ಎಡಚ, ತಂತಿಯನ್ನು ಒತ್ತಿ ಸ್ವರ ಹಿಡಿಯುವ ಕೈಯೇ ಬಲಗೈ.

ಮುಂದೆ ಬಾರಿಸುವ ಆಸೆ ಬಿಡಬೇಕೆಂದು ವೈದ್ಯರು ಹೇಳಿದರು. ಆಗ ಕಾರ್ಖಾನೆಯ ಮೇಲ್ವಿಚಾರಕ ಅವನಿಗೊಂದು ಧ್ವನಿಮುದ್ರಿಕೆಯನ್ನು ತಂದು ಕೇಳಿಸಿದ. ಅದು ಜಾಂಗೊ ರೈನ್‌ಹಾರ್ಟ್‌ನದು. 1928ರಲ್ಲಿ ತಾನು ವಾಸಿಸುವ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೆಟೆದುಹೋದ ಮೇಲೆಯೂ ಗಿಟಾರಿನಲ್ಲಿ ಯೂರೋಪನ್ನು ಬೆರಗುಗೊಳಿಸಿದ ಕಲಾವಿದನದು. ಅದನ್ನು ಕೇಳಿದ ಅಯೋಮಿ ಮನೆಗೆ ಹೋಗಿ, ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ದರ್ಜಿಯವರು ಬೆರಳಿಗೆ ತೊಡುವಂಥ ಟೊಪ್ಪಿಗೆಗಳನ್ನು ಮಾಡಿಕೊಂಡ. ತಂತಿ ಜಾರದಿರಲೆಂದು ಅದಕ್ಕೆ ಹಳೆಯ ಜಾಕೀಟಿನ ಚರ್ಮವನ್ನು ಅಂಟಿಸಿದ. ಬಿಗಿದ ತಂತಿಯನ್ನು ಒತ್ತಿದರೆ ಬೆರಳು ನೋಯುತ್ತಿತ್ತು. ಹಗುರವಾದ ತಂತಿಗಳನ್ನು ಹುಡುಕಿದ; ಮುಂದೆ ಅವುಗಳ ಬಿಗಿಯನ್ನೂ ಇಳಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಎಂಬ ಮೂರನೆಯ ಆಲ್ಬಮ್ಮಿನ ಹೊತ್ತಿಗೆ ಆ ಶ್ರುತಿ ಮೂರು ಅರ್ಧಸ್ವರಗಳಷ್ಟು ಕೆಳಗಿಳಿದಿತ್ತು. ನಮ್ಮ ಪೇಟಿ ಬಾರಿಸುವವರ ಮಾತಿನಲ್ಲಿ ಹೇಳುವುದಾದರೆ, ಬಿಳಿ ಮೂರರಿಂದ ಕರಿ ಒಂದಕ್ಕೆ. ಸಡಿಲಗೊಂಡ ತಂತಿಯಿಂದ ದಪ್ಪನೆಯ, ಮಬ್ಬು ಕವಿದ, ನೆಲದೊಳಗಿಂದ ಬಂದಂಥ ನಾದ ಹೊರಟಿತು. ‘ಹೆವಿ ಮೆಟಲ್’ ಎಂದು ಲೋಕ ಕರೆಯುವ ಸಂಗೀತದ ಭಾರಕ್ಕೆ ಮೂಲ ಎಲ್ಲಿದೆಯೆಂದು ಕೇಳಿದರೆ, ಹುಡುಗನೊಬ್ಬನ ಗಾಯಗೊಂಡ ಎರಡು ಬೆರಳುಗಳನ್ನು ತೋರಿಸಬೇಕಾಗುತ್ತದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ನೆರೆಯ ಸುಳೇಭಾವಿ. 1924ರಲ್ಲಿ ಅಲ್ಲಿ ಹುಟ್ಟಿದ ಶಿವಪುತ್ರ ಎಂಬ ಬಾಲಕ ಕುಮಾರ ಗಂಧರ್ವರಾದ. ಕ್ಷಯರೋಗಕ್ಕೆ ತುತ್ತಾಗಿ 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ಹಾಸಿಗೆ ಹಿಡಿದರು, ಹಾಡಬಾರದೆಂದು ಕಟ್ಟಪ್ಪಣೆಯಾಯಿತು, ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಯಿತು. ಸುಮಾರು ಐದು ವರ್ಷಗಳ ಮೌನದ ನಂತರ ಅವರು ಮರಳಿ ಹಾಡಿದಾಗ ಬಂದದ್ದು ಹಳೆಯ ಗಾಯನವಲ್ಲ. ಮಲಗಿದಲ್ಲಿಯೇ ಕಿವಿಗೆ ಬಿದ್ದ ಮಾಳವದ ಹಳ್ಳಿಯ ಹಾಡುಗಳನ್ನು ಒಳಗೊಂಡ, ಚಿಕ್ಕ ಚಿಕ್ಕ ಉಸಿರಿನ, ಮಿಂಚಿ ನಿಲ್ಲುವ ಹೊಸದೊಂದು ಶೈಲಿ. ಇವರಿಬ್ಬರ ಸಂಗೀತಕ್ಕೆ ಯಾವ ಸಂಬಂಧವೂ ಇಲ್ಲ, ನಿಜ. ಆದರೆ ಶೈಲಿಯೆಂಬುದು ಕಲಾವಿದನಲ್ಲಿ ಇದ್ದುದರಿಂದ ಮಾತ್ರ ಹುಟ್ಟುವುದಿಲ್ಲ, ಇಲ್ಲದುದರಿಂದಲೂ ಹುಟ್ಟುತ್ತದೆಂಬ ಸತ್ಯಕ್ಕೆ ಇಬ್ಬರೂ ಸಾಕ್ಷಿ.

*

ಈ ಬ್ಯಾಂಡಿನ ಕಡೆಯ ಕೃತಿಯನ್ನು ತಿಳಿಯಬೇಕಾದರೆ ಮೊದಲನೆಯದನ್ನು ನೋಡಬೇಕು. 1969ರ ಅಕ್ಟೋಬರ್ 16ರಂದು ನಾಲ್ವರೂ ಲಂಡನ್ನಿನ ಒಂದು ಸ್ಟುಡಿಯೋವನ್ನು ಹೊಕ್ಕು, ಸುಮಾರು ಹನ್ನೆರಡು ತಾಸುಗಳಲ್ಲಿ ಇಡೀ ಆಲ್ಬಮ್ಮನ್ನು ಬಾರಿಸಿ ಹೊರಬಂದರು. ವೇದಿಕೆಯ ಮೇಲೆ ಬಾರಿಸುವಂತೆ ಎಲ್ಲರೂ ಒಟ್ಟಿಗೆ ಬಾರಿಸಿದ್ದು. ತಿದ್ದಲು ಹೊತ್ತೂ ಇರಲಿಲ್ಲ, ಹಣವೂ ಇರಲಿಲ್ಲ. 1970ರ ಫೆಬ್ರುವರಿ 13ರಂದು ಅದು ಹೊರಬಂದಿತು. ಅದರ ಆರಂಭದಲ್ಲಿ ಮಳೆಯ ಸದ್ದು, ಗುಡುಗು, ದೂರದಲ್ಲೊಂದು ಗಂಟೆ. ಅನಂತರ ಗಿಟಾರಿನ ಮೂರು ನಿಧಾನದ ಸ್ವರಗಳು.

ಆ ಸ್ವರಗಳಲ್ಲಿ ಮುಖ್ಯವಾದ ಅಂತರವನ್ನು ಯೂರೋಪಿನ ಸಂಗೀತಶಾಸ್ತ್ರಜ್ಞರು ‘ಸಂಗೀತದೊಳಗಿನ ಸೈತಾನ’ ಎಂದು ಕರೆದದ್ದುಂಟು. ನಮ್ಮ ಲೆಕ್ಕದಲ್ಲಿ ಅದು ಷಡ್ಜದಿಂದ ತೀವ್ರ ಮಧ್ಯಮಕ್ಕಿರುವ ದೂರ, ಅಷ್ಟೇ. ಯಮನ್ ರಾಗದಲ್ಲಿ ಭಕ್ತಿಯನ್ನೂ ಮಾರವಾ ರಾಗದಲ್ಲಿ ಸಂಜೆಯ ಕಳವಳವನ್ನೂ ಹೊತ್ತು ನಿಲ್ಲುವ ಸ್ವರ ಅದು. ಒಬ್ಬರ ಸೈತಾನ ಇನ್ನೊಬ್ಬರ ಸಂಧ್ಯಾರಾಗವಾಗಬಲ್ಲುದೆಂಬ ಈ ಚೋದ್ಯವೇ ನನ್ನ ಕಿವಿಗೆ ಮೊದಲ ಬಾಗಿಲು ತೆರೆಯಿತು. ಇನ್ನು ಅದರ ಕತ್ತಲು, ಪ್ರೇತ, ಭಯ? ನವರಸಗಳಲ್ಲಿ ಭಯಾನಕ, ಬೀಭತ್ಸಗಳಿಗೂ ಸ್ಥಾನ ಕೊಟ್ಟ ಪರಂಪರೆಯವರು ನಾವು. ಮುಧೋಳದ ರನ್ನ, ಹೆಣಗಳ ನಡುವೆ, ಮರುಳುಗಳ ನಡುವೆ ದುರ್ಯೋಧನನನ್ನು ನಡೆಸಿಕೊಂಡು ಹೋಗುವಾಗ ಬೇರೇನು ಮಾಡುತ್ತಾನೆ?

1978ರ ನಂತರ ಆ ನಾಲ್ವರು ಒಂದಾಗಿ ಹೊಸ ಆಲ್ಬಮ್ ಮಾಡಲಿಲ್ಲ. ಕುಡಿತ, ಮಾದಕ ದ್ರವ್ಯ, ಮುನಿಸು. 1979ರಲ್ಲಿ ಓಜಿಯನ್ನು ಬ್ಯಾಂಡಿನಿಂದ ತೆಗೆದರು. ಅಯೋಮಿ ಬೇರೆ ಗಾಯಕರೊಡನೆ ಅದೇ ಹೆಸರನ್ನು ಉಳಿಸಿಕೊಂಡು ಬಂದ. ನಡುನಡುವೆ ಕೂಡಿ ವೇದಿಕೆಯೇರಿದರೂ ಹೊಸ ಆಲ್ಬಮ್ ಹುಟ್ಟಲಿಲ್ಲ. ಕಡೆಗೆ 2011ರ ನವೆಂಬರ್ 11ರಂದು ನಾಲ್ವರೂ ಲಾಸ್ ಏಂಜಲಿಸ್ಸಿನಲ್ಲಿ ಕೂಡಿ, ಮತ್ತೆ ಒಂದು ಆಲ್ಬಮ್ ಮಾಡುವೆವೆಂದು ಸಾರಿದರು.

ಸಾರಿ ಎರಡು ತಿಂಗಳೂ ಆಗಿರಲಿಲ್ಲ. 2012ರ ಜನವರಿಯಲ್ಲಿ ಅಯೋಮಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮರುತಿಂಗಳೇ ಒಪ್ಪಂದದ ವಿಷಯದಲ್ಲಿ ಮನಸ್ತಾಪ ಬಂದು ಬಿಲ್ ವಾರ್ಡ್ ಹಿಂದೆ ಸರಿದ. ನಾಲ್ಕು ಕಾಲಿನ ಮಂಚಕ್ಕೆ ಒಂದು ಕಾಲು ಮುರಿದಿತ್ತು, ಇನ್ನೊಂದು ಅಲುಗುತ್ತಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಚಿಕಿತ್ಸೆಗೆಂದು ಅಯೋಮಿ ಇಂಗ್ಲೆಂಡಿನಲ್ಲಿರಬೇಕಾದ್ದರಿಂದ ಉಳಿದವರೇ ಅಲ್ಲಿಗೆ ಹೋದರು. ಔಷಧಿಯ ನಡುವೆ ಮೈಯಲ್ಲಿ ಶಕ್ತಿ ಬಂದ ದಿನ ಹಾಡು ಕಟ್ಟಿದರು, ಬಾರದ ದಿನ ಬಿಟ್ಟರು. ಸ್ವರಗಳ ಪಲುಕು ಅಯೋಮಿಯದು, ಸಾಹಿತ್ಯ ಬಹುಪಾಲು ಬಟ್ಲರನದು. ವಾರ್ಡನ ಜಾಗದಲ್ಲಿ ಬ್ರ್ಯಾಡ್ ವಿಲ್ಕ್ ಎಂಬ ಅಮೆರಿಕದ ಡ್ರಮ್ ವಾದಕ ಬಂದ. ಮುದ್ರಣ ನಡೆದದ್ದು ಬಹುಮಟ್ಟಿಗೆ ಕ್ಯಾಲಿಫೋರ್ನಿಯದ ಮಾಲಿಬುವಿನಲ್ಲಿ.

ಅದರ ನಿರ್ಮಾಪಕ ರಿಕ್ ರೂಬಿನ್ ಎಂಬಾತ. ಅವನು ಮಾಡಿದ ಮೊದಲ ಕೆಲಸವೇ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡಿತು. ಅರವತ್ತು ದಾಟಿದ ಈ ಮೂವರನ್ನು ಕೂಡಿಸಿ, ಅವರೇ ಇಪ್ಪತ್ತರ ಹರೆಯದಲ್ಲಿ ಮಾಡಿದ ಮೊದಲ ಆಲ್ಬಮ್ಮನ್ನು ಅವರಿಗೇ ಕೇಳಿಸಿದ. ಹೆವಿ ಮೆಟಲ್ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲವೆಂದು ಭಾವಿಸಿ ಬಾರಿಸಿರಿ. ಒಂದೇ ಕೋಣೆಯಲ್ಲಿ, ಒಬ್ಬರನ್ನೊಬ್ಬರು ಕೇಳುತ್ತ ಬಾರಿಸಿರಿ, ಎಂಬುದು ಅವನ ಆಗ್ರಹವಾಗಿತ್ತು. ನಲವತ್ತು ವರ್ಷಗಳ ಕೀರ್ತಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರುವುದು ಯಾವ ಕಲಾವಿದನಿಗೆ ಸುಲಭ?

2013ರ ಜೂನ್ ತಿಂಗಳಲ್ಲಿ ‘13’ ಎಂಬ ಹೆಸರಿನಿಂದ ಆ ಆಲ್ಬಮ್ ಹೊರಬಂದಿತು. ಎಂಟು ಹಾಡು, ಐವತ್ತು ನಿಮಿಷಕ್ಕೆ ಮೇಲ್ಪಟ್ಟ ಅವಧಿ. ಇಂಗ್ಲೆಂಡಿನ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಅವರಿಗೆ ಆ ಸ್ಥಾನ ಅದರ ಹಿಂದೆ ಸಿಕ್ಕಿದ್ದು 1970ರಲ್ಲಿ. ಅಮೆರಿಕದಲ್ಲಿಯಂತೂ ಅದೇ ಮೊದಲು.

*

‘ಗದಾಯುದ್ಧ’ವನ್ನು ಓದಿದವರಿಗೆಲ್ಲ ‘ಸಿಂಹಾವಲೋಕನ ಕ್ರಮ’ ಎಂಬ ಮಾತು ಪರಿಚಿತ. ಮುಂದೆ ನಡೆಯುವ ಸಿಂಹ ನಿಂತು, ತಿರುಗಿ, ತಾನು ಬಂದ ಹಾದಿಯನ್ನು ನೋಡುವಂತೆ, ಯುದ್ಧದ ಕಡೆಯ ದಿನದಲ್ಲಿ ನಿಂತು ರನ್ನ ಇಡೀ ಭಾರತವನ್ನು ಹಿಂದಿರುಗಿ ನೋಡುತ್ತಾನೆ. ‘13’ ಸಹ ಇಂಥದೊಂದು ಅವಲೋಕನ. ಅದರ ಮೊದಲ ಹಾಡಿನ ಹೆಸರೇ ‘ಎಂಡ್ ಆಫ್ ದ ಬಿಗಿನಿಂಗ್’, ಎಂದರೆ ಆರಂಭದ ಅಂತ್ಯ. ಅದರ ನಡಿಗೆ 1970ರ ಆ ಮೊದಲ ಹಾಡಿನ ನಡಿಗೆಯನ್ನೇ ನೆನಪಿಸುತ್ತದೆ. ‘ಝೈಟ್‌ಗೈಸ್ಟ್’ ಎಂಬ ಮೆಲುದನಿಯ ಹಾಡು, ಎರಡನೆಯ ಆಲ್ಬಮ್ಮಿನ ‘ಪ್ಲಾನೆಟ್ ಕ್ಯಾರವಾನ್’ ಎಂಬ ಹಾಡಿನ ಮರುದನಿ. ಕಡೆಯ ಹಾಡು ‘ಡಿಯರ್ ಫಾದರ್’ ಮುಗಿದ ಮೇಲೆ ಮತ್ತೆ ಮಳೆ, ಮತ್ತೆ ಗುಡುಗು, ಮತ್ತೆ ಆ ಗಂಟೆ. ಎಲ್ಲಿ ಬಾಗಿಲು ತೆರೆದಿತ್ತೋ ಅಲ್ಲಿಯೇ ಮುಚ್ಚುತ್ತದೆ.

ಇಲ್ಲಿ ವಿಮರ್ಶಕ ಕೇಳಬೇಕಾದ ಪ್ರಶ್ನೆಯೊಂದಿದೆ. ಹಿಂದಿರುಗಿ ನೋಡುವುದು ಬೇರೆ, ಹಿಂದಿನದನ್ನೇ ಮತ್ತೆ ಮಾಡುವುದು ಬೇರೆ. ಇದು ಯಾವುದು? ಕೆಲವೆಡೆ ಎರಡನೆಯದೇ ಎಂದು ನನಗೆ ಅನ್ನಿಸಿತು. ವಿಲ್ಕನ ಕೈ ಶುದ್ಧ, ತಾಳ ಎಲ್ಲಿಯೂ ತಪ್ಪುವುದಿಲ್ಲ. ಆದರೆ ಹಳೆಯ ಆಲ್ಬಮ್ಮುಗಳಲ್ಲಿ ವಾರ್ಡ್ ತಾಳದೊಡನೆ ಆಡುವ ಆ ತೂಗಾಟ ಇಲ್ಲಿಲ್ಲ. ಹಾರ್ಮೋನಿಯಂ ಸಾಥಿಯೂ ತಬಲಾ ಸಾಥಿಯೂ ಬದಲಾದರೆ ಬೈಠಕ್ಕಿನ ಬಣ್ಣವೇ ಬದಲಾಗುತ್ತದೆಂಬುದನ್ನು ಧಾರವಾಡ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆದರೂ ಅಯೋಮಿಯ ಗಿಟಾರಿನ ಬಗ್ಗೆ ಎರಡು ಮಾತಿಲ್ಲ. ನಲವತ್ತಾರು ವರ್ಷಗಳಿಗೂ ಮಿಕ್ಕಿ ಆ ಟೊಪ್ಪಿಗೆಗಳನ್ನು ತೊಟ್ಟ ಕೈ, ಚಿಕಿತ್ಸೆಯಿಂದ ಬಳಲಿದ ಕೈ, ಒಂದೊಂದು ಸ್ವರವನ್ನೂ ಇದು ಕಡೆಯದಿರಬಹುದೆಂಬ ಎಚ್ಚರದಿಂದ ಇಡುತ್ತದೆ. ಆ ಎಚ್ಚರ ಅನುಕರಣೆಯಿಂದ ಬರುವಂಥದಲ್ಲ.

ಅದೇ ಅವರ ಕಡೆಯ ಆಲ್ಬಮ್ ಆಯಿತು. 2017ರ ಫೆಬ್ರುವರಿ 4ರಂದು ಪ್ರವಾಸವೂ ಬರ್ಮಿಂಗ್‌ಹ್ಯಾಮಿನಲ್ಲಿಯೇ ಮುಗಿಯಿತು. ಮತ್ತೆ 2025ರ ಜುಲೈ 5ರಂದು, ಹುಟ್ಟಿದ ಕೇರಿಯಾದ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ, ಈ ಸಲ ವಾರ್ಡನೂ ಬಂದು, ನಾಲ್ವರೂ ಒಟ್ಟಿಗೆ ನಿಂತರು. ನಿಂತರೆಂದದ್ದು ಮೂವರಿಗೆ, ಪಾರ್ಕಿನ್ಸನ್ ರೋಗದಿಂದ ನಡೆಯಲಾರದ ಓಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತು ಹಾಡಿದ. ಹದಿನೇಳು ದಿನಗಳ ನಂತರ, ಜುಲೈ 22ರಂದು ತೀರಿಕೊಂಡ. ನನ್ನ ವಿದ್ಯಾರ್ಥಿ ಮಳೆಯಲ್ಲಿ ಬಂದು ನಿಂತದ್ದು ಇದರ ಮರುವಾರ.

*

ಕೇಳಿ ಮುಗಿಸಿದ್ದೇನೆಂದು ಹೇಳಿದ ದಿನ ಅವನು ತನ್ನ ಕೆಲಸವನ್ನು ಹೇಳಿದ. ಗೆಳೆಯರಲ್ಲಿ ಒಬ್ಬನಿಗೆ ಪುಣೆಯಲ್ಲಿ, ಇನ್ನೊಬ್ಬನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿದೆ. ಬ್ಯಾಂಡು ಒಡೆಯುತ್ತದೆ. ಅದಕ್ಕೆ ಮೊದಲು ನಾಲ್ಕು ಹಾಡುಗಳನ್ನು ಮುದ್ರಿಸಿಡಬೇಕು. ಹಾಡುಗಳ ಕನ್ನಡವನ್ನು ನಾನು ತಿದ್ದಿಕೊಡಬೇಕು.

“ಬಾರಸ್ತೀಯೇನಪಾ ನೀನು?” ಎಂದು ಕೇಳಿದೆ. ಅವನು ಜೇಬಿನಿಂದ ಎರಡು ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ತೆಗೆದು ಬೆರಳಿಗೆ ಹಾಕಿ ತೋರಿಸಿದ. ಎಣ್ಣೆಯ ಕ್ಯಾನು ಕರಗಿಸಿ ಮಾಡಿದ್ದಂತೆ. ಎಂಟು ತಿಂಗಳಿನಿಂದ ಅಭ್ಯಾಸ ನಡೆದಿತ್ತಂತೆ, ನನಗೆ ಹೇಳಿರಲಿಲ್ಲ.

ಕಾಗದವನ್ನು ಓದಿದೆ. ಒಂದೆಡೆ ‘ರಾಡಿ’ ಎಂದಿತ್ತು. ಗ್ರಾಮ್ಯವೆನಿಸಿ ಅದನ್ನು ಹೊಡೆದು ‘ಪಂಕ’ ಎಂದು ಬರೆದೆ. ಅವನು ವಿನಯದಿಂದಲೇ ತಲೆಯಾಡಿಸಿದ.

“ಬ್ಯಾಡ್ರಿ ಸರ, ರಾಡಿನs ಇರ್ಲಿ. ನಾವು ಬಾರಸೋದರ ಹೆಸರs ಅದು.”

ಆಗ ಅವನು ಹೇಳಿದ್ದು: ಅಯೋಮಿ ಇಳಿಸಿದ ಆ ಶ್ರುತಿಯನ್ನು ಹಿಡಿದು, ಅದರ ನಿಧಾನವನ್ನು ಇನ್ನೂ ನಿಧಾನ ಮಾಡಿ, ಎಂಬತ್ತರ ದಶಕದಲ್ಲಿ ಅಮೆರಿಕದ ಹುಡುಗರು ಹೊಸದೊಂದು ಬಗೆಯನ್ನು ಕಟ್ಟಿದರು. ವಾಷಿಂಗ್ಟನ್ ರಾಜ್ಯದ ಮೆಲ್ವಿನ್ಸ್, ನ್ಯೂ ಆರ್ಲಿಯನ್ಸಿನ ಐಹೇಟ್‌ಗಾಡ್, ಕ್ರೋಬಾರ್ ಮುಂತಾದವರು ಅದರ ಹಿರಿಯರು. ಅದರ ಹೆಸರು ‘ಸ್ಲಡ್ಜ್’. ಕೊಳಚೆಯ ತಳದಲ್ಲಿ ನಿಲ್ಲುವ ರಾಡಿ. ಕಾಲಿಟ್ಟರೆ ಎತ್ತಲು ಬಾರದ ಹಾಗೆ ಪ್ರತಿ ಸ್ವರವೂ ಕಾಲನ್ನು ಹಿಡಿಯಬೇಕು. ಲೂಯಿಸಿಯಾನದ ಜೌಗು ನೆಲದ ಆ್ಯಸಿಡ್ ಬಾತ್ ಎಂಬ ಬ್ಯಾಂಡು 1996ರಲ್ಲಿ ತನ್ನ ಎರಡನೆಯ ಆಲ್ಬಮ್ಮನ್ನು ಹೊರತಂದಿತು. ಅದೇ ಕಡೆಯದೆಂದು ಅವರಿಗೆ ಗೊತ್ತಿರಲಿಲ್ಲ. 1997ರ ಜನವರಿಯಲ್ಲಿ, ಕುಡಿದು ವಾಹನ ನಡೆಸಿದವನೊಬ್ಬನಿಂದಾದ ಅಪಘಾತದಲ್ಲಿ ಬೇಸ್ ವಾದಕ ಆಡಿ ಪಿತ್ರ್ ಸತ್ತ, ಬ್ಯಾಂಡೂ ನಿಂತಿತು. 2025ರಲ್ಲಿ ಉಳಿದವರು ಮತ್ತೆ ವೇದಿಕೆಯೇರಿದರಾದರೂ ಅಗಲಿದವನು ಅಗಲಿದವನೇ. ಕಡೆಯದೆಂದು ತಿಳಿದು ಮಾಡುವವರು ಕೆಲವರು. ತಿಳಿಯದೆ ಮಾಡಿದವರೇ ಬಹಳ.

“ನಮಗ ಗೊತ್ತೈತಲ್ರಿ ಸರ,” ಎಂದ ಹುಡುಗ. “ಅದಕs ಛಲೋತ್ನ್ಯಾಗ ಮಾಡ್ತೀವಿ.”

ನಾನು ‘ಪಂಕ’ವನ್ನು ಹೊಡೆದುಹಾಕಿದೆ. ಹೊಲದ ಬದಿಯಲ್ಲಿ ಹುಟ್ಟಿ, ಮೊಣಕಾಲುದ್ದ ರಾಡಿಯಲ್ಲಿ ಭತ್ತದ ನಾಟಿ ನೋಡಿ ಬೆಳೆದವನ ಮಾತಿಗೆ ಸಂಸ್ಕೃತದ ಅಂಗಿ ತೊಡಿಸಲು ಹೊರಟಿದ್ದೆನಲ್ಲ! ಉಳಿದ ಮೂರು ಹಾಡುಗಳಲ್ಲಿ ಕಾಗುಣಿತವನ್ನು ಮಾತ್ರ ತಿದ್ದಿದೆ.

ಭಾದ್ರಪದದ ಒಂದು ಭಾನುವಾರ ಮುದ್ರಣ. ನನ್ನನ್ನೂ ಕರೆದರು. ತಗಡಿನ ಶೆಡ್ಡು, ಎರವಲು ತಂದ ಮೈಕುಗಳು, ಗೋಡೆಗೆ ಗೋಣಿಚೀಲ, ಹಳೆಯ ಕೌದಿ. ಒಂದೇ ಕೋಣೆಯಲ್ಲಿ, ಒಬ್ಬರನ್ನೊಬ್ಬರು ನೋಡುತ್ತ ನಾಲ್ವರೂ ಬಾರಿಸಿದರು. ಕಡೆಯ ಹಾಡು ಮುಗಿಯುವ ಹೊತ್ತಿಗೆ ತಗಡಿನ ಮೇಲೆ ಮಳೆ ಬಿದ್ದಿತು. ಅದರ ಮೇಲೆ, ಸಾಂಬ್ರಾದ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ನೆತ್ತಿಯ ಮೇಲೆಯೇ ಗುಡುಗಿಕೊಂಡು ಹೋಯಿತು. ಡ್ರಮ್ಸಿನವ ಕೋಲು ಕೆಳಗಿಟ್ಟು, ಹಾಳಾಯಿತು, ಮತ್ತೊಮ್ಮೆ ಬಾರಿಸೋಣವೆಂದ. ನನ್ನ ವಿದ್ಯಾರ್ಥಿ ಬೇಡವೆಂದ. ಮಳೆಯೂ ವಿಮಾನವೂ ಹಾಡಿನಲ್ಲಿಯೇ ಉಳಿದವು.

ಆ ಮುದ್ರಿಕೆ ಈಗ ನನ್ನ ಬಳಿಯಿದೆ. ಎಂದಾದರೊಮ್ಮೆ ರಾತ್ರಿ ಅದನ್ನು ಕೇಳುತ್ತೇನೆ. ಕಿವಿಗೊಟ್ಟು ಕೇಳಿದರೆ, ಆ ಭಾರವಾದ ನಾದದ ಕೆಳಗೆ, ಪ್ಲಾಸ್ಟಿಕ್ಕು ತಂತಿಗೆ ತಾಗುವ ಸಣ್ಣ ಸದ್ದೊಂದು ಕೇಳಿಸುತ್ತದೆ. ಕೈ ಉಳಿಯಿತಲ್ಲ ಎಂದು ಅಂದು ನಾನು ಆಡಿದ್ದ ಮಾತಿಗೆ ಅವನು ಕೊಟ್ಟ ಉತ್ತರ ಅದು ಎಂದುಕೊಂಡಿದ್ದೇನೆ.